ಉಸಿರಿನ ಕೊಳವೆಯ ಹೊಲಿಗೆ

ಕೇಳುಗರಿಗೆ ನಮಸ್ಕಾರ.

ಎದೆಯ ಶಸ್ತ್ರಚಿಕಿತ್ಸೆಯನ್ನೇ ವೃತ್ತಿಯಾಗಿಸಿಕೊಂಡ ನಾನು ಇಂದು ಹೇಳಲಿರುವುದು ಒಂದು ಹೊಲಿಗೆಯ ಕಥೆ. ಶ್ವಾಸಕೋಶದ ಕಸಿ ಇಪ್ಪತ್ತು ವರ್ಷಗಳ ಕಾಲ ಸೋಲುತ್ತಲೇ ಬಂದುದಕ್ಕೆ ಈ ಹೊಲಿಗೆ ನಿಲ್ಲದೆ ಹೋದದ್ದು ಒಂದು ಮುಖ್ಯ ಕಾರಣ.

ಮನುಷ್ಯನಿಗೆ ಮೊದಲ ಬಾರಿಗೆ ಶ್ವಾಸಕೋಶವನ್ನು ಕಸಿ ಮಾಡಿದವರು ಅಮೆರಿಕದ ಮಿಸಿಸಿಪ್ಪಿಯ ಡಾ. ಜೇಮ್ಸ್ ಹಾರ್ಡಿ, 1963ರ ಜೂನ್ ತಿಂಗಳಲ್ಲಿ. ರೋಗಿ ಬದುಕಿದ್ದು 18 ದಿನ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಜಗತ್ತಿನ ಬೇರೆ ಬೇರೆ ಕಡೆ ಸುಮಾರು 40 ಮಂದಿಗೆ ಈ ಕಸಿ ನಡೆಯಿತು; ಬೆಲ್ಜಿಯಂನ ಒಬ್ಬ ರೋಗಿ ಹತ್ತು ತಿಂಗಳು ಬದುಕಿದ್ದೇ ಅವುಗಳಲ್ಲಿ ದೊಡ್ಡದು.

ಕಸಿ ಎಂಬ ಮಾತು ನಮಗೆ ಬಂದದ್ದು ತೋಟದಿಂದ. ಮಾವಿನ ಕಸಿ ಕಟ್ಟುವುದನ್ನು ನಮ್ಮ ಲಾಲ್‌ಬಾಗಿನಲ್ಲೋ ಊರಿನ ತೋಟದಲ್ಲೋ ನೋಡಿದವರಿಗೆ ಗೊತ್ತು, ಕಡ್ಡಿಯೆಷ್ಟೇ ಒಳ್ಳೆಯದಾಗಿರಲಿ, ಕೂಡಿಸಿದ ಜಾಗಕ್ಕೆ ಜೀವರಸ ಹರಿಯದಿದ್ದರೆ ಅದು ಒಣಗುತ್ತದೆ. ಶ್ವಾಸಕೋಶವನ್ನು ಕೂಡಿಸುವಾಗ ನಾವು ಹೊಲಿಯುವುದು ಮೂರು ಕಡೆ: ರಕ್ತ ಬರುವ ಅಪಧಮನಿ, ರಕ್ತ ಮರಳುವ ಅಭಿಧಮನಿಗಳು ಹೃದಯದ ಮೇಲ್ಕೋಣೆಗೆ ಸೇರುವ ಜಾಗ, ಮತ್ತು ಗಾಳಿ ಹೋಗಿಬರುವ ಶ್ವಾಸನಾಳ. ಮೊದಲೆರಡು ಸಾಮಾನ್ಯವಾಗಿ ಚೆನ್ನಾಗಿಯೇ ಕೂಡುತ್ತವೆ. ಆದರೆ ಶ್ವಾಸನಾಳದ ಗೋಡೆಗೆ ರಕ್ತ ಕೊಡುವ ನೂಲಿನಂಥ ನಾಳಗಳು ದಾನಿಯ ದೇಹದಿಂದ ಶ್ವಾಸಕೋಶವನ್ನು ತೆಗೆಯುವಾಗಲೇ ತುಂಡಾಗುತ್ತವೆ, ಅವನ್ನು ಮತ್ತೆ ಜೋಡಿಸುವ ರೂಢಿಯೂ ಇಲ್ಲ. ಹಸಿದ ಆ ಅಂಚು ಕೊಳೆತು, ಎರಡು ಮೂರು ವಾರಗಳಲ್ಲಿ ಹೊಲಿಗೆ ಬಿಟ್ಟುಕೊಳ್ಳುತ್ತಿತ್ತು.

ಕೆನಡಾದ ಟೊರಾಂಟೊದಲ್ಲಿ ಡಾ. ಜೋಯೆಲ್ ಕೂಪರ್ 1978ರಲ್ಲಿ ಕಸಿ ಮಾಡಿದ ರೋಗಿಯೂ ಹೀಗೆಯೇ ತೀರಿಕೊಂಡರು. ಕೂಪರ್ ಅವರು ಕೂಡಲೇ ಇನ್ನೊಬ್ಬ ರೋಗಿಯನ್ನು ಹುಡುಕದೆ ಪ್ರಯೋಗಾಲಯಕ್ಕೆ ಮರಳಿದರು. ಅವರ ಬಗ್ಗೆ ನನಗಿರುವ ಗೌರವದ ಮೂಲವೇ ಇದು. ಅವರ ತಂಡ ನಾಯಿಯ ಶ್ವಾಸಕೋಶವನ್ನು ಬಿಡಿಸಿ ಅದೇ ನಾಯಿಗೆ ಮತ್ತೆ ಹೊಲಿಯಿತು. ಅಂಗ ಅದರದ್ದೇ ಆದುದರಿಂದ ದೇಹ ಅದನ್ನು ತಿರಸ್ಕರಿಸುವ ಪ್ರಶ್ನೆಯಿಲ್ಲ. ಹೊಲಿಗೆ ಕೆಟ್ಟರೆ ಕಾರಣ ಬೇರೆಯೇ ಇರಬೇಕು. ತಿರಸ್ಕಾರವನ್ನು ತಡೆಯಲೆಂದು ಎಲ್ಲರೂ ಧಾರಾಳವಾಗಿ ಕೊಡುತ್ತಿದ್ದ ಸ್ಟೀರಾಯ್ಡ್ ಔಷಧವೇ ಗಾಯ ಮಾಯದಂತೆ ಮಾಡುತ್ತಿತ್ತೆಂದು ಆಗ ಸ್ಪಷ್ಟವಾಯಿತು. ಬದುಕಿಸಲು ಕೊಟ್ಟ ಮದ್ದೇ ಹೊಲಿಗೆಯನ್ನು ಸಡಿಲಿಸುತ್ತಿತ್ತು.

ಆ ಹೊತ್ತಿಗೆ, ತಿರಸ್ಕಾರವನ್ನು ತಡೆಯುವ ಇನ್ನೊಂದು ಔಷಧ, ಮಣ್ಣಿನ ಒಂದು ಶಿಲೀಂಧ್ರದಿಂದ ಪಡೆದ ಸೈಕ್ಲೋಸ್ಪೊರಿನ್ ಬಳಕೆಗೆ ಬಂದಿತ್ತು. ಅದು ಗಾಯ ಮಾಯುವುದಕ್ಕೆ ಅಷ್ಟು ಅಡ್ಡಿಯಾಗದು. ಜೊತೆಗೆ, ಹೊಟ್ಟೆಯೊಳಗೆ ಕರುಳಿನ ಮುಂದೆ ಪರದೆಯಂತೆ ಇಳಿಬಿದ್ದಿರುವ ಕೊಬ್ಬಿನ ಪೊರೆಯನ್ನು, ಅದರ ರಕ್ತನಾಳಗಳು ಕಡಿಯದಂತೆ ಎದೆಗೆ ಎಳೆದು ತಂದು, ಹೊಲಿಗೆಯ ಸುತ್ತ ಸುತ್ತಿದರು. ತೋಟದಲ್ಲಿ ಕಸಿಗೆ ಸುತ್ತುವ ಪಟ್ಟಿ ಬರೀ ಕಾಪಾಡುತ್ತದೆ, ಈ ಪೊರೆಯಾದರೋ ಹೊಸ ರಕ್ತವನ್ನೇ ತಂದಿತು. 1983ರ ನವೆಂಬರಿನಲ್ಲಿ ಶ್ವಾಸಕೋಶ ಗಟ್ಟಿಯಾಗುತ್ತಿದ್ದ ರೋಗಿಯೊಬ್ಬರಿಗೆ ಕೂಪರ್ ಒಂದು ಶ್ವಾಸಕೋಶವನ್ನು ಕಸಿ ಮಾಡಿದರು. ಆ ರೋಗಿ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು.

ಇಂದು ಆ ಪೊರೆಯನ್ನು ಸುತ್ತುವ ಕ್ರಮ ಬಹುತೇಕ ನಿಂತಿದೆ. ದಾನಿಯ ಕಡೆಯ ಶ್ವಾಸನಾಳವನ್ನು ಗಿಡ್ಡವಾಗಿ ಕತ್ತರಿಸಿದರೆ ಅಂಚಿಗೆ ರಕ್ತ ಸಾಕಷ್ಟು ತಲುಪುತ್ತದೆ, ಸ್ಟೀರಾಯ್ಡನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ತೊಂದರೆಯಿಲ್ಲ ಎಂದು ನಂತರದ ಸಂಶೋಧನೆ ತಿಳಿಸಿತು.

ಕಾಲದ ಒತ್ತಡ ಮಾತ್ರ ಹಾಗೆಯೇ ಇದೆ. ತಣ್ಣಗೆ ಇಟ್ಟ ಶ್ವಾಸಕೋಶಕ್ಕೆ ಸಾಮಾನ್ಯವಾಗಿ ಆರರಿಂದ ಎಂಟು ಗಂಟೆಗಳ ಅವಧಿ. ನಮ್ಮ ರಾಜ್ಯದಲ್ಲಿ ಅಂಗ ಹಂಚಿಕೆಯನ್ನು ನೋಡಿಕೊಳ್ಳುವ ಜೀವಸಾರ್ಥಕತೆಯಿಂದ ಕರೆ ಬಂದ ಮೇಲೆ, ಬೆಂಗಳೂರಿನ ಸಂಚಾರ ಪೊಲೀಸರು ಆಂಬುಲೆನ್ಸಿಗಾಗಿ ಸಿಗ್ನಲ್ಲುಗಳನ್ನು ಹಸಿರು ಮಾಡಿಕೊಡುವ ಒಂದೊಂದು ನಿಮಿಷವೂ ಆ ಲೆಕ್ಕಕ್ಕೆ ಸೇರುತ್ತದೆ.

ಕಸಿಯಾದ ಬಳಿಕ ನಾವು ತೆಳುವಾದ ದರ್ಶಕ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಿ ನೋಡುತ್ತೇವೆ. ಪರದೆಯ ಮೇಲೆ ಹೊಲಿಗೆಯ ಉಂಗುರ ಕಾಣುತ್ತದೆ, ನೀಲಿ ದಾರದ ಗಂಟುಗಳು ಕಾಣುತ್ತವೆ. ನಾನು ಮೊದಲು ಹುಡುಕುವುದು ಅಂಚಿನ ಬಣ್ಣವನ್ನು. ಅದು ಬೂದುಬಣ್ಣಕ್ಕೆ ತಿರುಗದೆ ಗುಲಾಬಿಯಾಗಿದ್ದರೆ, ಹೊರಗೆ ಕಾದಿರುವ ಮನೆಯವರ ಬಳಿಗೆ ನಾನೇ ನಡೆದು ಹೋಗಿ ಹೇಳುತ್ತೇನೆ.