ಬಾಗಿಲ ಹಿಡಿಯಲ್ಲಿ ನೇತಾಡುವ ನೋಟಿಸು

ಎಲ್ಲರಿಗೂ ನಮಸ್ಕಾರ.

ಅಮೆರಿಕಕ್ಕೆ ಬಂದು ಮನೆ ಕೊಂಡವರಿಗೆ ಶುರುವಿನಲ್ಲಿ ಒಂದು ಭ್ರಮೆ ಇರುತ್ತದೆ. ನನ್ನ ಮನೆ, ನನ್ನ ಅಂಗಳ, ಕೇಳೋರು ಯಾರು ಅಂತ. ಕೇಳೋರು ಇದ್ದಾರೆ. ಹುಲ್ಲು ಎಷ್ಟು ಇಂಚು ಬೆಳೆಯಬಹುದು, ಕಸದ ಡಬ್ಬಿ ಯಾವಾಗ ರಸ್ತೆಗೆ ಬರಬೇಕು, ಕೆಟ್ಟು ನಿಂತ ಕಾರು ಡ್ರೈವ್‌ವೇಯಲ್ಲಿ ಇರಬಹುದೋ ಇಲ್ಲವೋ, ಇಂಥದ್ದಕ್ಕೆಲ್ಲ ಸಿಟಿಯ ನಿಯಮಗಳಿವೆ. ಅದನ್ನು ನೋಡಿಕೊಳ್ಳುವ ವಿಭಾಗಕ್ಕೆ ಕೋಡ್ ಎನ್‌ಫೋರ್ಸ್‌ಮೆಂಟ್ ಅಂತ ಹೆಸರು. ನಾನು ವಕೀಲನಲ್ಲ. ದಂಡದ ಬಿಸಿ ತಗುಲಿ, ವಿಚಾರಣೆಗೆ ಓಡಾಡಿ, ಆಮೇಲೆ ಸಿಟ್ಟಿನಲ್ಲಿ ಕಾನೂನು ಓದಿದವನು. ನನ್ನ ಅರ್ಹತೆ ಅಷ್ಟೇ.

ನನ್ನ ಕಥೆ ಚಿಕ್ಕದು. ಗಾಳಿಮಳೆಗೆ ಹಿತ್ತಲ ಬೇಲಿ ಮುರಿದು ಬಿತ್ತು. ಬಾಗಿಲ ಹಿಡಿಗೆ ಕಿತ್ತಳೆ ಬಣ್ಣದ ಚೀಟಿ ಬಂತು. ಅದರಲ್ಲಿದ್ದ ಗಡುವು ದಾಟಿದ ನಾಲ್ಕನೇ ದಿನ ಪಕ್ಕದ ಮನೆಯವರ ಜೊತೆ ಸೇರಿ ಬೇಲಿ ನಿಲ್ಲಿಸಿದೆ. ಫೋನಿನಲ್ಲಿ ಒಂದು ಫೋಟೊ ತೆಗೆದು ಊರಿಗೆ, ಅಣ್ಣನಿಗೆ ಕಳಿಸಿದೆ. ಕಳಿಸಬೇಕಾಗಿದ್ದು ಸಿಟಿಗೆ! ಇನ್‌ಸ್ಪೆಕ್ಟರ್ ಮತ್ತೆ ಬಂದು ನೋಡಿದ್ದು ಗಡುವು ಮುಗಿದು 26 ದಿನಗಳಾದ ಮೇಲೆ. ದಿನಕ್ಕೆ 100 ಡಾಲರಿನಂತೆ 2,600 ಡಾಲರಿನ ಬಿಲ್ಲು ಬಂತು. ಬೇಲಿಗೆ ಹಾಕಿದ ಹಲಗೆಗಳಿಗೇ ಅದರ ಕಾಲು ಭಾಗ ಖರ್ಚಾಗಿರಲಿಲ್ಲ.

ಈ ದಂಡ ಆಟೋ ಮೀಟರಿನ ಹಾಗೆ. ನೀವು ಇಳಿದು ಹೋದರೂ, ಡ್ರೈವರ್ ಒತ್ತಿ ನಿಲ್ಲಿಸುವವರೆಗೆ ಓಡುತ್ತಲೇ ಇರುತ್ತದೆ. ರಿಪೇರಿಯಾದ ಕೂಡಲೇ ಮೀಟರ್ ನಿಂತಿತು ಅಂದುಕೊಳ್ಳಬೇಡಿ, ಸರಿಯಾಗಿದೆ ಎಂದು ಸಿಟಿಯ ಕಡತದಲ್ಲಿ ದಾಖಲಾಗಬೇಕು. ಆದ್ದರಿಂದ ರಿಪೇರಿಯಾದ ದಿನವೇ ಇಮೇಲ್ ಮಾಡಿ, ಮರುತಪಾಸಣೆ ಮಾಡಿ ಅಂತ ಬರವಣಿಗೆಯಲ್ಲೇ ಕೇಳಿ.

ಫ್ಲೋರಿಡಾದ ಡುನೆಡಿನ್‌ನಲ್ಲಿ ಆದದ್ದು ಅನೇಕರಿಗೆ ಗೊತ್ತಿರಬಹುದು. 2018ರ ಬೇಸಿಗೆಯಲ್ಲಿ ಅಲ್ಲಿನ ಮನೆಮಾಲೀಕರೊಬ್ಬರು ತೀರಿಹೋದ ತಾಯಿಯ ಆಸ್ತಿ ವ್ಯವಹಾರಕ್ಕೆಂದು ಬೇರೆ ರಾಜ್ಯಕ್ಕೆ ಹೋಗಿದ್ದರು. ಹುಲ್ಲು ಕತ್ತರಿಸಲು ಒಪ್ಪಿಕೊಂಡಿದ್ದವನು ಆ ಹೊತ್ತಿನಲ್ಲೇ ಸತ್ತುಹೋದ. ಹುಲ್ಲು 10 ಇಂಚಿನ ಮಿತಿ ದಾಟಿತು. ಹಿಂದೆಯೂ ಒಮ್ಮೆ ತಪ್ಪಾಗಿದ್ದರಿಂದ ದಿನಕ್ಕೆ 500 ಡಾಲರ್. ಕೊನೆಗೆ ಲೆಕ್ಕ ಸುಮಾರು 30,000 ಡಾಲರಿಗೆ ಬಂದು ನಿಂತಿತು. ಮೀಟರ್ ಓಡುತ್ತಿರುವುದೇ ತಮಗೆ ತಿಳಿದಿರಲಿಲ್ಲ ಎಂಬುದು ಅವರ ದೂರು. ಅತಿಯಾದ ದಂಡ ಹಾಕಬಾರದೆಂಬ ಸಂವಿಧಾನದ ಎಂಟನೇ ತಿದ್ದುಪಡಿಯನ್ನು ಹಿಡಿದು ಅವರು ಕೋರ್ಟಿಗೆ ಹೋದರು. ಆ ತಿದ್ದುಪಡಿ ರಾಜ್ಯಗಳಿಗೂ ಊರುಗಳಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2019ರಲ್ಲಿ, ಟಿಂಬ್ಸ್ ಪ್ರಕರಣದಲ್ಲಿ, ಹೇಳಿತ್ತು. ಆದರೂ ಇವರು ಸೋತರು, ಮೇಲ್ಮನವಿಯಲ್ಲೂ ಸೋತರು. ಶಾಸನ ಹಾಕಿದ ಮಿತಿಯೊಳಗಿನ ದಂಡವನ್ನು ಅತಿ ಎನ್ನಲು ಕೋರ್ಟುಗಳು ಸುಲಭಕ್ಕೆ ಒಪ್ಪುವುದಿಲ್ಲ. ಸಂವಿಧಾನ ಎಷ್ಟೇ ದೊಡ್ಡದಿರಲಿ, ಇಂಥ ಜಗಳದಲ್ಲಿ ತಾರೀಕು ಬಿದ್ದ ಒಂದು ಫೋಟೊಗೆ ಅದಕ್ಕಿಂತ ಹೆಚ್ಚು ಬೆಲೆ ಅಂತ ನನಗನಿಸುತ್ತದೆ.

ಮೇಲ್ಮನವಿ ಅಂದಾಗ ನಮ್ಮವರು ಮಾಡುವ ತಪ್ಪೊಂದಿದೆ. ಮೊದಲ ವಿಚಾರಣೆಗೆ ಬರಿಗೈಯಲ್ಲಿ ಹೋಗುತ್ತಾರೆ. ಅಲ್ಲಿ ಆಗದಿದ್ದರೆ ಕೋರ್ಟಿದೆಯಲ್ಲ ಅನ್ನುತ್ತಾರೆ. ಫ್ಲೋರಿಡಾದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಆದೇಶವಾದ 30 ದಿನಗಳೊಳಗೆ ಸರ್ಕಿಟ್ ಕೋರ್ಟಿಗೆ ಹೋಗಬಹುದು, ಆದರೆ ಕೋರ್ಟು ನೋಡುವುದು ಕೆಳಗಿನ ದಾಖಲೆಯನ್ನು ಮಾತ್ರ. ಮೊದಲ ವಿಚಾರಣೆ ನಡೆಸುವ ಸಿಟಿಯ ಬೋರ್ಡಿನ ಮುಂದೆ ತೋರಿಸದ ರಸೀದಿಯನ್ನು ಆಮೇಲೆ ಜೇಬಿನಿಂದ ತೆಗೆಯುವ ಹಾಗಿಲ್ಲ. ಕ್ಯಾಲಿಫೋರ್ನಿಯಾದ ಪದ್ಧತಿ ಬೇರೆ. ಸಿಟಿಯ ಅಂತಿಮ ಆದೇಶ ಕೈಸೇರಿದ 20 ದಿನಗಳೊಳಗೆ ಸುಪೀರಿಯರ್ ಕೋರ್ಟಿಗೆ ಹೋದರೆ ವಿಚಾರಣೆ ಹೊಸದಾಗಿ ನಡೆಯುತ್ತದೆ. ಸಿಟಿಯ ಕಡತವೂ ಅಲ್ಲಿ ಸಾಕ್ಷ್ಯವೇ, ಅದನ್ನು ಅಲ್ಲಗಳೆಯುವ ಕೆಲಸ ನಿಮ್ಮದು. ನ್ಯೂಯಾರ್ಕ್ ಸಿಟಿಯಲ್ಲಿ ಓಥ್ ಎಂಬ ಪ್ರತ್ಯೇಕ ನ್ಯಾಯಮಂಡಳಿಯೇ ಇದೆ. ಹೋಗದೆ ಕೂತರೆ ದಂಡ ಇನ್ನೂ ಏರುತ್ತದೆ, ಆದರೆ 75 ದಿನಗಳೊಳಗೆ ಹೊಸ ವಿಚಾರಣೆ ಕೇಳುವ ಅವಕಾಶವುಂಟು. ಒಂದು ಎಚ್ಚರ: ಅಲ್ಲಿ ಸಮನ್ಸಿನ (ತಪ್ಪಿನ ನೋಟಿಸಿಗೆ ಅಲ್ಲಿ ಆ ಹೆಸರು) ದಂಡ ಕಟ್ಟಿದರೆ ತಪ್ಪೊಪ್ಪಿಕೊಂಡಂತೆ. ಕ್ಯಾಲಿಫೋರ್ನಿಯಾದ ಎಷ್ಟೋ ಊರುಗಳಲ್ಲಿ ವಿಚಾರಣೆಗೆ ಮುಂಚೆಯೇ ದಂಡದ ಹಣವನ್ನು ಠೇವಣಿ ಇಡಬೇಕು, ಅದು ತಪ್ಪೊಪ್ಪಿಗೆಯಲ್ಲ. ಎರಡಕ್ಕೂ ಚೆಕ್ಕನ್ನೇ ಬರೆಯುವುದರಿಂದ ನಮ್ಮವರು ಗೊಂದಲಕ್ಕೆ ಬೀಳುತ್ತಾರೆ.

ವಿಚಾರಣೆಯ ಕೋಣೆಯಲ್ಲಿ ನೀವು ಒಳ್ಳೆಯವರೋ ಅಲ್ಲವೋ ಅಂತ ಯಾರೂ ಕೇಳುವುದಿಲ್ಲ. ‘ಇಪ್ಪತ್ತು ವರ್ಷದಿಂದ ತೆರಿಗೆ ಕಟ್ಟುತ್ತಿದ್ದೇನೆ, ಎದುರು ಮನೆಯವನ ಅಂಗಳ ಇನ್ನೂ ಗಲೀಜು’ ಅನ್ನುವುದರಿಂದ ಲಾಭವಿಲ್ಲ. ನಾನೂ ಅದನ್ನೇ ಶುರುಮಾಡಿದ್ದೆ. ವಿಚಾರಣಾಧಿಕಾರಿಣಿ ಕನ್ನಡಕ ಸರಿಪಡಿಸಿಕೊಂಡು, ‘ಬೇಲಿ ನಿಂತದ್ದು ಯಾವ ದಿನ?’ ಅಂದರು. ಅಣ್ಣನಿಗೆ ಕಳಿಸಿದ ಫೋಟೊ ತೋರಿಸಿದೆ, ತಾರೀಕು ಅಲ್ಲೇ ಇತ್ತು. ಹಲಗೆ ಕೊಂಡ ರಸೀದಿಯೂ ಇತ್ತು. 26 ದಿನ ನಾಲ್ಕಕ್ಕಿಳಿಯಿತು, 400 ಡಾಲರ್ ಕಟ್ಟಿ ಬಂದೆ. ತಪ್ಪು ಅಂದು ಇತ್ತೇ, ಆ ವಿಳಾಸದಲ್ಲೇ ಇತ್ತೇ, ಹೊಣೆ ನಿಮ್ಮದು ಹೌದೇ, ನೋಟಿಸು ಸರಿಯಾಗಿ ತಲುಪಿತೇ, ಯಾವತ್ತು ಸರಿಯಾಯಿತು: ವಾದವೆಲ್ಲ ಇವುಗಳ ಸುತ್ತ ಇರಲಿ. ತಪ್ಪು ಆಗಿದ್ದು ನಿಜವಾದರೆ ಒಪ್ಪಿಕೊಂಡು ದಂಡ ಇಳಿಸಲು ಕೇಳಿ. ಫ್ಲೋರಿಡಾದ ಕಾನೂನಂತೂ ತಪ್ಪಿನ ಗಂಭೀರತೆ, ಸರಿಪಡಿಸಲು ಮಾಡಿದ ಪ್ರಯತ್ನ, ಹಿಂದಿನ ಚರಿತ್ರೆ, ಈ ಮೂರನ್ನೂ ನೋಡಿಯೇ ದಂಡ ನಿಗದಿ ಮಾಡಿ ಅನ್ನುತ್ತದೆ.

ಕಟ್ಟದೆ ಬಿಟ್ಟರೆ ಏನಾಗುತ್ತದೆಂದು ಕೇಳುವವರಿದ್ದಾರೆ. ಹಲವು ಕಡೆ ಅದು ಆಸ್ತಿಯ ಮೇಲೆ ಋಣಭಾರವಾಗಿ ಕೂರುತ್ತದೆ, ಮನೆ ಮಾರುವ ದಿನ ಎದ್ದು ಬರುತ್ತದೆ.

ಬಾಡಿಗೆಗಿರುವವರು ಮೊದಲು ನೋಟಿಸಿನಲ್ಲಿ ಹೆಸರು ಯಾರದ್ದೆಂದು ನೋಡಿ. ನಿಮ್ಮದೇ ಆಗಿದ್ದು, ಕೆಲಸ ಮಾಲೀಕರದ್ದಾಗಿದ್ದರೆ, ಬಾಡಿಗೆ ಕರಾರಿನ ಆ ಪುಟವೇ ನಿಮ್ಮ ಸಾಕ್ಷಿ. ಇನ್‌ಸ್ಪೆಕ್ಟರ್ ಒಳಗೆ ಬರುತ್ತೇನೆಂದರೆ ವಾರಂಟ್ ಕೇಳುವ ಹಕ್ಕು ಬಾಡಿಗೆದಾರರಿಗೂ ಇದೆ. 1967ರ ಕಮಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅಂದು ಬಾಗಿಲು ತೆರೆಯದೆ ನಿಂತಿದ್ದವರು ಸ್ಯಾನ್‌ಫ್ರಾನ್ಸಿಸ್ಕೊದ ಒಬ್ಬ ಬಾಡಿಗೆದಾರರೇ. ಇನ್ನು, ಗೋಡೆಗೆ ಬೂಷ್ಟು ಹಿಡಿದಿದೆ ಅಂತ ಸಿಟಿಗೆ ದೂರು ಕೊಟ್ಟಿದ್ದಕ್ಕೆ ಮಾಲೀಕರು ಮನೆ ಬಿಡಿ ಅಂದರೆ, ಕ್ಯಾಲಿಫೋರ್ನಿಯಾದಲ್ಲಿ ದೂರಿನ ನಂತರದ 180 ದಿನ ಅಂಥ ಸೇಡಿಗೆ ಕಾನೂನಿನ ತಡೆಯಿದೆ, ಬಾಡಿಗೆ ಬಾಕಿ ಇರಬಾರದು ಅಷ್ಟೇ.

ಹಿಂದಿನ ಸಾಲಿನಲ್ಲಿ ಒಬ್ಬರು ಆಗಿನಿಂದ ಲಕೋಟೆ ಮಡಿಚಿ ಹಿಡಿದು ಕೂತಿದ್ದಾರೆ. ಕಾಫಿ ಆಮೇಲೆ ಕುಡಿಯೋಣ, ಮೊದಲು ಇಲ್ಲಿ ಬನ್ನಿ, ಅದರ ಮೇಲಿನ ತಾರೀಕು ನೋಡೋಣ.