ಹೊಲಿಗೆ ಮಾಯುವವರೆಗೆ ಹೊತ್ತು ಹೋಗಬೇಕಲ್ಲ!

ಆಪರೇಷನ್ ಆಗಿ ಮನೆಗೆ ಬಂದವರಿಗೆ ಎಲ್ಲರೂ ಹೇಳೋದು ಒಂದೇ ಮಾತು: "ಆರಾಮಾಗಿ ರೆಸ್ಟ್ ತಗೊಳ್ಳಿ." ಮಲಗಿದವರಿಗೇ ಗೊತ್ತು, ಮಧ್ಯಾಹ್ನ ಎರಡರಿಂದ ಸಂಜೆ ಐದರವರೆಗಿನ ಹೊತ್ತು ಎಷ್ಟು ಉದ್ದ ಅಂತ. ಮನೆಯವರು ಅವರವರ ಕೆಲಸಕ್ಕೆ ಹೋಗಿರ್ತಾರೆ. ನಿದ್ದೆ ಬೆಳಗ್ಗೆಯೇ ಮುಗಿದಿರುತ್ತೆ. ಮಗ್ಗುಲು ಬದಲಿಸೋಣ ಅಂದ್ರೆ ಹೊಲಿಗೆ ಚುರ್ ಅನ್ನುತ್ತೆ.

ನನಗೆ ಪಿತ್ತಕೋಶದ ಆಪರೇಷನ್ ಆಗಿತ್ತು. ಹೊಟ್ಟೆ ಮೇಲೆ ನಾಲ್ಕೇ ನಾಲ್ಕು ಸಣ್ಣ ಗಾಯ. ಮಾತ್ರೆ, ಡ್ರೆಸ್ಸಿಂಗ್, ಪಥ್ಯ ಎಲ್ಲಕ್ಕೂ ಮೊದಲೇ ತಯಾರಿ ಮಾಡ್ಕೊಂಡಿದ್ದೆ. ಬೇಸರಕ್ಕೆ ಮಾತ್ರ ಮಾಡ್ಕೊಂಡಿರಲಿಲ್ಲ. ಅದು ಶೋಕಿ ಅಂತ ಅಂದ್ಕೊಂಡಿದ್ದೆ. ಶೋಕಿ ಅಲ್ಲ, ಅದೂ ಆರೈಕೆಯ ಭಾಗವೇ. ಮನಸ್ಸಿಗೆ ಬೇರೆ ಕೆಲಸ ಇಲ್ಲದಿದ್ರೆ ಗಮನವೆಲ್ಲ ಗಾಯದ ಮೇಲೇ ಕೂತಿರುತ್ತೆ, ಇದ್ದ ನೋವು ಎರಡರಷ್ಟು ಅನ್ನಿಸುತ್ತೆ. ಬೇಸರ ತಡೆಯಲಾರದೇ ಎಷ್ಟೋ ಜನ ನಾಲ್ಕನೇ ದಿನಕ್ಕೇ ಎದ್ದು ಕಪಾಟು ಜೋಡಿಸೋಕೆ, ಬಕೆಟ್ ಎತ್ತೋಕೆ ಹೋಗ್ತಾರೆ.

ಆದ್ರೆ ದೊಡ್ಡ ಯೋಜನೆ ಬೇಡ. ಎಷ್ಟೋ ದಿನದಿಂದ ಓದಬೇಕು ಅಂತ ಇಟ್ಟಿದ್ದ ದಪ್ಪ ಕಾದಂಬರಿಯನ್ನ ತಲೆದಿಂಬಿನ ಪಕ್ಕ ಇಟ್ಕೊಂಡೆ. ಒಂದೇ ಪ್ಯಾರಾ ನಾಲ್ಕು ಸಲ ಓದಿದೆ, ಒಂದಕ್ಷರ ತಲೆಗೆ ಹೋಗಲಿಲ್ಲ. ಅರಿವಳಿಕೆ ಮತ್ತು ನೋವಿನ ಮಾತ್ರೆಗಳ ಮಂಪರು ಕೆಲವು ದಿನ ಹಾಗೇ ಇರುತ್ತೆ, ಗಾಬರಿ ಬೇಡ. ಆಗ ಬೇಕಾಗೋದು ಗೊತ್ತಿರೋ ಕತೆ. ಹಿಂದೆ ಓದಿ ಮೆಚ್ಚಿದ ಸಣ್ಣ ಕತೆ, ಒಮ್ಮೆ ನೋಡಿದ ಧಾರಾವಾಹಿ. ಮಧ್ಯೆ ಕಣ್ಣು ಮುಚ್ಚಿದ್ರೂ ಏನೂ ತಪ್ಪಿ ಹೋಗಲ್ಲ.

ನನ್ನ ಕೇಳಿದ್ರೆ, ಮೊದಲ ವಾರ ಕಣ್ಣಿಗಿಂತ ಕಿವಿಯೇ ಒಳ್ಳೆಯ ಜೊತೆಗಾರ. ಸಂಗೀತದ ಬಗ್ಗೆ 2015ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. 70ಕ್ಕೂ ಹೆಚ್ಚು ಪ್ರಯೋಗಗಳು, ಸುಮಾರು 7,000 ರೋಗಿಗಳು. ಆಪರೇಷನ್ನಿನ ಆಸುಪಾಸಿನಲ್ಲಿ ಸಂಗೀತ ಕೇಳಿದವರಿಗೆ ನೋವು, ಆತಂಕ ಎರಡೂ ಕಡಿಮೆ. ನೋವಿನ ಔಷಧಿಯೂ ಕಡಿಮೆ ಸಾಕಾಯ್ತು. ಆಸ್ಪತ್ರೆಯಲ್ಲಿರೋ ದಿನಗಳೇನೂ ಕಡಿಮೆ ಆಗಲಿಲ್ಲ, ಅದನ್ನೂ ಹೇಳಲೇಬೇಕು. ಆದ್ರೂ ಹಾಡು ಕೇಳೋದ್ರಿಂದ ಇಷ್ಟು ಸಿಗೋದು ಸಣ್ಣ ಮಾತಲ್ಲ.

ಹೊಟ್ಟೆ ಆಪರೇಷನ್ ಆದವರು ನಗೆ ನಾಟಕ, ಕಾಮಿಡಿ ಹಾಕ್ಕೊಳ್ಳೋ ಮುಂಚೆ ಕೈಗೊಂದು ದಿಂಬು ಇಟ್ಕೊಳ್ಳಿ. ಕೆಮ್ಮು ಬಂದಾಗ ದಿಂಬನ್ನ ಹೊಟ್ಟೆಗೆ ಒತ್ತಿ ಹಿಡಿಯೋಕೆ ನರ್ಸ್‌ಗಳು ಹೇಳಿಕೊಡ್ತಾರಲ್ಲ, ನಗುವಿಗೂ ಅದೇ ಉಪಾಯ.

ಆಮೇಲೆ ಕೈಗೆ ಏನಾದ್ರೂ ಕೆಲಸ ಬೇಕು. ಫ್ರಾನ್ಸಿನ ಚಿತ್ರಕಾರ ಹೆನ್ರಿ ಮಾಟಿಸ್ ಮೊದಲು ವಕೀಲರ ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತರ ವಯಸ್ಸಿನಲ್ಲಿ ಅಪೆಂಡಿಸೈಟಿಸ್ ಬಂದು ಮಲಗಿದ್ದಾಗ ಹೊತ್ತು ಹೋಗಲಿ ಅಂತ ಅವರಮ್ಮ ಬಣ್ಣದ ಪೆಟ್ಟಿಗೆ ತಂದುಕೊಟ್ರು. ಅಲ್ಲಿಂದ ಶುರುವಾಯ್ತು. 1941ರಲ್ಲಿ ದೊಡ್ಡ ಆಪರೇಷನ್ ಆಗಿ ಈಸೆಲ್, ಅಂದ್ರೆ ಚಿತ್ರ ಬಿಡಿಸೋ ಸ್ಟ್ಯಾಂಡ್ ಮುಂದೆ ನಿಲ್ಲೋದು ಕಷ್ಟ ಆದಾಗ ಬಣ್ಣ ಹಚ್ಚಿದ ಕಾಗದವನ್ನ ಕತ್ತರಿಯಲ್ಲಿ ಕತ್ತರಿಸಿ ಚಿತ್ರ ಮಾಡೋಕೆ ಹಿಡಿದ್ರು. ಹಾಗಂತ ಮಲಗಿರೋ ತಿಂಗಳಲ್ಲಿ ನೀವೂ ಏನಾದ್ರೂ ಸಾಧಿಸಲೇಬೇಕು ಅಂತ ದಯವಿಟ್ಟು ಹೊರಡಬೇಡಿ. ಕ್ರೋಶಾ, ಪದಬಂಧ, ಹಳೇ ಫೋಟೋ ಜೋಡಿಸೋದು, ಯಾವುದಾದ್ರೂ ಸರಿ. ಇಪ್ಪತ್ತು ನಿಮಿಷ ಮಾಡಿ, ಸುಸ್ತು ಅನ್ನಿಸೋ ಮುಂಚೆ ಬಿಟ್ಟುಬಿಡಿ.

ಮೊಬೈಲ್ ಬಗ್ಗೆ ಒಂದೇ ಮಾತು. ನಮ್ಮ ಆಪರೇಷನ್ನಿನ ಹೆಸರು ಹಾಕಿ ರಾತ್ರಿ ಹುಡುಕ್ತಾ ಕೂರೋದು ಮನರಂಜನೆ ಅಲ್ಲ, ನಿದ್ದೆಗೆ ಕೇಡು.

ನೋಡೋಕೆ ಬರೋರಿಗೂ ಒಂದು ಕೋರಿಕೆ. ನಿಮಗೆ ಗೊತ್ತಿರೋ ಯಾರದೋ ಆಪರೇಷನ್ ಕೆಟ್ಟ ಕತೆ ಬೇಡ. ಹೊರಗಿನ ಸುದ್ದಿ ಹೇಳಿ, ಒಂದಾಟ ಇಸ್ಪೀಟ್ ಆಡಿ. ಸಾಧ್ಯವಾದ್ರೆ ಮಂಚವನ್ನ ಕಿಟಕಿ ಕಡೆ ತಿರುಗಿಸಿ ಹೋಗಿ.

ಇದನ್ನ ಸುಮ್ಮನೆ ಹೇಳ್ತಿಲ್ಲ. 1984ರಲ್ಲಿ ರೋಜರ್ ಉಲ್‌ರಿಚ್ ಅನ್ನೋ ಸಂಶೋಧಕರು ಅಮೆರಿಕದ ಒಂದು ಆಸ್ಪತ್ರೆಯ ದಾಖಲೆ ತೆಗೆದು ನೋಡಿದ್ರು. 46 ರೋಗಿಗಳು, ಎಲ್ಲರಿಗೂ ನನಗಾದ ಹಾಗೇ ಪಿತ್ತಕೋಶದ ಆಪರೇಷನ್. ಅರ್ಧದಷ್ಟು ಜನರ ಕಿಟಕಿಯಿಂದ ಮರ ಕಾಣ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಹೆಚ್ಚುಕಡಿಮೆ ಮುಕ್ಕಾಲು ದಿನ ಮೊದಲೇ ಮನೆಗೆ ಹೋದ್ರು, ಜೋರಾದ ನೋವಿನ ಔಷಧಿಯನ್ನೂ ಕಡಿಮೆ ತಗೊಂಡ್ರು.

ನನ್ನ ಮಂಚ ತಿರುಗಿಸಿದ್ದು ಐದನೇ ದಿನ. ಎದುರಿನ ಮರದಲ್ಲಿ ಕಾಗೆ ಗೂಡು ಕಟ್ತಿತ್ತು. ಒಂದು ತುಂಡು ತಂತಿ ತಂದು ಕೊಂಬೆ ಸಂದಿಗೆ ತೂರಿಸುತ್ತೆ, ಜಾರುತ್ತೆ, ಕೊಕ್ಕಲ್ಲಿ ಬಗ್ಗಿಸಿ ಮತ್ತೆ ತೂರಿಸುತ್ತೆ. ಮೂರನೇ ಸಲಕ್ಕೆ ನಿಂತಿತು. ಅಷ್ಟರಲ್ಲಿ ಮನೆಯವರು ಬಂದು ದೀಪ ಹಾಕಿದ್ರು. ಐದು ಗಂಟೆ ಆಗಿಹೋಗಿತ್ತು.