ಒಂಟಿ ಬಸಿಗೂ ಒಂದು ಬಲ್ಬು

ಕೇಳುಗರಿಗೆಲ್ಲ ನಮಸ್ಕಾರ.

ನಿಮ್ಮ ಮನೆಯ ಅಟ್ಟವನ್ನೋ ಶೋಕೇಸಿನ ಕೆಳಗಿನ ಖಾನೆಯನ್ನೋ ಒಮ್ಮೆ ನೆನಪು ಮಾಡಿಕೊಳ್ಳಿ. ಯಾರದೋ ಮದುವೆಗೆ ಬಂದ ಕಪ್ಪು-ಬಸಿ ಸೆಟ್ಟು ಅಲ್ಲಿ ಇದ್ದೇ ಇರುತ್ತದೆ. ಬಂದಾಗ ಆರು ಕಪ್ಪು, ಆರು ಬಸಿ. ಈಗ ಕಪ್ಪು ಮೂರು, ಬಸಿ ಐದು. ಟೀಪಾಟಿನ ಮುಚ್ಚಳ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ನೆಂಟರ ಮುಂದೆ ಇಡೋಣ ಅಂದರೆ ಜೋಡಿ ಇಲ್ಲ. ಬಿಸಾಡೋಣ ಅಂದರೆ ಮನಸ್ಸು ಬರುವುದಿಲ್ಲ. ಮುಂಬಯಿಯಲ್ಲಿ ಒಂದೊಂದು ಚದರಡಿಗೂ ಲೆಕ್ಕ ಹಾಕಿ ಬದುಕುವವರು ನಾವು. ಆದರೂ ಈ ಒಂಟಿ ಪಿಂಗಾಣಿಗೆ ಮಾತ್ರ ಬಾಡಿಗೆ ಇಲ್ಲದೆ ಜಾಗ ಕೊಟ್ಟಿರುತ್ತೇವೆ. ಅದನ್ನೇ ಮನೆಗೆ ಚಂದದ ಕರೆಂಟು ದೀಪ ಮಾಡಿಕೊಳ್ಳುವುದು ಹೇಗೆ ಅಂತ ಇವತ್ತು ಹೇಳುತ್ತೇನೆ.

ಶುರುವಿನಲ್ಲೇ ಒಂದು ಮಾತು. ಜೋಡಿ ಕೆಡದ, ಪೂರ್ತಿ ಇರುವ ಸೆಟ್ಟಿಗೆ ಡ್ರಿಲ್ ಹಾಕಬೇಡಿ. ಅದರಲ್ಲಿ ಚಹ ಕುಡಿಯಿರಿ. ದೀಪಕ್ಕೆ ಬೇಕಾದದ್ದು ಅಂಚಿನಲ್ಲಿ ಚಕ್ಕೆ ಎದ್ದದ್ದು, ಹಿಡಿ ಮುರಿದದ್ದು, ಜೊತೆಗಾರರನ್ನು ಕಳೆದುಕೊಂಡದ್ದು. ಈಚೆಗೆ ಕೆಲವರು ಚಂದದ ಹಳೇ ಟೀ ಸೆಟ್ಟನ್ನು ದುಡ್ಡು ಕೊಟ್ಟು ತಂದು, ತೂತು ಕೊರೆದು, ಅದಕ್ಕೆ ಕಲೆ ಅಂತ ಹೆಸರಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

ಪಿಂಗಾಣಿಯನ್ನು ದೀಪ ಮಾಡುವುದು ಹೊಸ ಶೋಕಿಯೇನಲ್ಲ. ಚೀನಾದಿಂದ ಬಂದ ಹೂದಾನಿಗಳನ್ನು ಯುರೋಪಿನ ಶ್ರೀಮಂತರು ಹತ್ತೊಂಬತ್ತನೇ ಶತಮಾನದಲ್ಲೇ ಎಣ್ಣೆ ದೀಪ ಮಾಡಿಕೊಂಡಿದ್ದರು. ಕರೆಂಟು ಬಂದ ಮೇಲೆ ಅದಕ್ಕೇ ವೈರು ಹಾಕಿಸಿದರು. ನಮ್ಮ ಮುಂಬಯಿಗೂ ಚೀನಾದ ಸಾಮಾನಿಗೂ ಹಳೇ ನಂಟು. ಇಲ್ಲಿನ ಪಾರ್ಸಿ ವ್ಯಾಪಾರಿಗಳು ಹತ್ತಿ, ಅಫೀಮು ಹೇರಿಕೊಂಡು ಕ್ಯಾಂಟನ್ ಬಂದರಿಗೆ ಹೋಗುತ್ತಿದ್ದರು. ಬರುವಾಗ ರೇಷ್ಮೆ, ಚಹ, ಪಿಂಗಾಣಿ ತರುತ್ತಿದ್ದರು. ಸರ್ ರತನ್ ಟಾಟಾ, ಸರ್ ದೊರಾಬ್ಜಿ ಟಾಟಾ ಅಣ್ಣತಮ್ಮಂದಿರು ಕೂಡಿಸಿದ ಚೀನಾ, ಜಪಾನಿನ ಪಿಂಗಾಣಿಯನ್ನು ಕಾಲಾ ಘೋಡಾ ಹತ್ತಿರದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ, ಅಂದರೆ ನಾವೆಲ್ಲ ಇನ್ನೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಅನ್ನುವ ಕಡೆ, ನೋಡಬಹುದು. ಒಂದು ರಜೆಯ ದಿನ ಹೋಗಿ ಬನ್ನಿ. ಕಣ್ಣು ಪಳಗುತ್ತದೆ. ಯಾವುದಕ್ಕೆ ಕೈ ಹಚ್ಚಬಾರದು ಅಂತ ತಿಳಿಯುತ್ತದೆ.

ಮನೆಯಲ್ಲಿ ಸಾಮಾನು ಸಿಗದಿದ್ದರೆ ಚೋರ್ ಬಜಾರ್ ಇದೆಯಲ್ಲ. ಹಳೇ ಪಿಂಗಾಣಿ, ಗಡಿಯಾರ, ಗ್ರಾಮಫೋನು ಎಲ್ಲ ಇರುವುದು ಮಟನ್ ಸ್ಟ್ರೀಟಿನಲ್ಲಿ. ಅಲ್ಲಿನ ಅಂಗಡಿಗಳಿಗೆ ಶುಕ್ರವಾರ ರಜೆ. ಆದರೆ ಅದೇ ಶುಕ್ರವಾರ ಬೆಳಕು ಹರಿಯುವ ಮೊದಲೇ ಸುತ್ತಲಿನ ಬೀದಿಗಳಲ್ಲಿ ಜುಮ್ಮಾ ಬಜಾರ್ ಕೂಡುತ್ತದೆ. ಕೆಳಗೆ ಗೋಣಿ ಹಾಸಿ, ಮುಚ್ಚಿದ ಹೋಟೆಲಿನ ದಪ್ಪ ಬಿಳಿ ಕಪ್ಪು, ಖಾಲಿ ಮಾಡಿದ ಮನೆಯ ಪ್ಲೇಟು, ಯಾರದೋ ಟೀಪಾಟು ಎಲ್ಲ ಒಟ್ಟಿಗೆ ಸುರಿದಿರುತ್ತಾರೆ. ಒಂಟಿ ಸಾಮಾನು ಸೋವಿಯಲ್ಲಿ ಸಿಗುವುದು ಅಲ್ಲೇ. "ಭಾಯ್, ಜೋಡಿ ನಹೀ ಹೈ, ಕ್ಯಾ ಕರೂಂಗಿ" ಅಂತ ಶುರು ಮಾಡಿ. ನಿಮಗೆ ಬೇಕಾದದ್ದೇ ಜೋಡಿ ಇಲ್ಲದ್ದು ಅಂತ ಅವನಿಗೆ ಹೇಳುವ ಅಗತ್ಯ ಇಲ್ಲ, ಅಲ್ವಾ?

ಕೊಳ್ಳುವ ಮೊದಲು ತಲೆಕೆಳಗು ಮಾಡಿ ತಳ ನೋಡಿ. ಅಲ್ಲಿರುವ ಮುದ್ರೆ ಸಾಮಾನಿನ ಜಾತಕ. ಅಮೆರಿಕದ ಒಂದು ಕಾನೂನಿನಿಂದಾಗಿ 1891ರಿಂದ ಆ ದೇಶಕ್ಕೆ ಹೋಗುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಹಾಕಲೇಬೇಕಾಯಿತು. ಜಪಾನಿನವರು ಮೊದಲು 'ನಿಪ್ಪಾನ್' ಅಂತ ಹಾಕುತ್ತಿದ್ದರು. 1921ರ ನಂತರ ಅದು 'ಜಪಾನ್' ಆಯಿತು. ಎರಡನೇ ಮಹಾಯುದ್ಧ ಮುಗಿದು ಅಮೆರಿಕದ ಸೈನ್ಯ ಅಲ್ಲಿ ಬೀಡುಬಿಟ್ಟಿದ್ದ ಕಾಲದ ಸಾಮಾನಿನ ಮೇಲೆ 'ಆಕ್ಯುಪೈಡ್ ಜಪಾನ್' ಅಂತಲೂ ಇರುತ್ತದೆ. ಆ ಕಾಲ 1952ಕ್ಕೆ ಮುಗಿಯಿತು. ಮುದ್ರೆ ತೀರಾ ಹಳೆಯದು ಅನ್ನಿಸಿದರೆ, ಸಾಮಾನು ಗಟ್ಟಿಮುಟ್ಟಾಗಿದ್ದರೆ, ಅದನ್ನು ಸುಮ್ನೆ ಶೋಕೇಸಿನಲ್ಲಿಡಿ.

ಆಮೇಲೆ ಕಿವಿಗೆ ಕೆಲಸ. ಕಪ್ಪನ್ನು ಎಡ ಅಂಗೈ ಮೇಲೆ ಸಡಿಲವಾಗಿ ಕೂರಿಸಿ, ಬಲಗೈ ಬೆರಳ ಗೆಣ್ಣಿನಿಂದ ಅಂಚಿಗೆ ಮೆಲ್ಲಗೆ ಬಡಿಯಿರಿ. ಠಣ್ ಅಂತ ಸದ್ದು ಬಂದು ಸ್ವಲ್ಪ ಹೊತ್ತು ನಿಂತರೆ ಒಳಗೆ ಬಿರುಕಿಲ್ಲ. ಟಪ್ ಅಂತ ಅಲ್ಲೇ ಸತ್ತರೆ ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಎಲ್ಲೋ ಇದೆ. ಅಂಚಿನ ಚಕ್ಕೆ ಪರವಾಗಿಲ್ಲ, ಅದನ್ನು ಗೋಡೆ ಕಡೆ ತಿರುಗಿಸಬಹುದು. ಕೂದಲೆಳೆ ಬಿರುಕು ಮಾತ್ರ ಬೇಡ. ಡ್ರಿಲ್ ತಾಗಿದ ಕೂಡಲೇ ಎರಡು ಹೋಳು.

ಇನ್ನು ಟಾರ್ಚು. ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಕಪ್ಪಿನೊಳಗೆ ಬೆಳಕು ಬಿಟ್ಟು ಹೊರಗಿನಿಂದ ನೋಡಿ. ಬೋನ್ ಚೈನಾ ಆದರೆ ಕೆನೆ ಬಣ್ಣದಲ್ಲಿ ಹೊಳೆಯುತ್ತದೆ, ಅಡ್ಡ ಹಿಡಿದ ಬೆರಳಿನ ನೆರಳು ಕೂಡ ಕಾಣುತ್ತದೆ. ಹೋಟೆಲಿನ ದಪ್ಪ ಕಪ್ಪಿನಲ್ಲಿ ಏನೂ ಕಾಣುವುದಿಲ್ಲ. ದೀಪದ ರೂಪ ನಿರ್ಧಾರ ಆಗುವುದು ಇಲ್ಲೇ. ಬೆಳಕು ಬಿಡುವ ಕಪ್ಪು ದೀಪದ ಬುರುಡೆ, ಅಂದರೆ ಶೇಡ್ ಆಗಲಿ, ತಲೆಕೆಳಗಾಗಿ ನೇತಾಡಲಿ, ಒಳಗೆ ಬಲ್ಬು ಇರಲಿ. ಬೆಳಕು ಬಿಡದ್ದು ಕೆಳಗೆ ಕೂತು ಭಾರ ಹೊರಲಿ. ಪೇಟೆಯಲ್ಲಿ ಎಷ್ಟೋ ಕಡೆ ಇದು ಉಲ್ಟಾ ಆಗಿರುತ್ತದೆ. ತೆಳ್ಳಗಿನ ಚಂದದ ಕಪ್ಪುಗಳನ್ನು ಒಂದರ ಮೇಲೊಂದು ಪೇರಿಸಿ, ನೆತ್ತಿಯ ಮೇಲೆ ಒಂದು ಬಟ್ಟೆಯ ಬುರುಡೆ ಕೂರಿಸಿರುತ್ತಾರೆ. ಕಪ್ಪಿನ ಒಳಗಿನ ಬೆಳಕು ಯಾರಿಗೂ ಕಾಣುವುದೇ ಇಲ್ಲ.

ಬೋನ್ ಚೈನಾ ಅಂದರೆ ನಿಜವಾಗಿಯೂ ಮೂಳೆ. ಹದಿನೆಂಟನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಸ್ಟೋಕ್‌ನಲ್ಲಿ ಸ್ಪೋಡ್ ಮನೆತನದವರು ಹದ ಮಾಡಿ ಮಾರಿದ್ದು. ದನದ ಮೂಳೆ ಸುಟ್ಟ ಬೂದಿ ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಮಾಟುಂಗಾದ ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಸಣ್ಣ ಪಂಚಾಯ್ತಿಯೇ ಆಯಿತು. "ಅದು ನನ್ನ ಅಡುಗೆಮನೆಗೆ ಬೇಡ ನೋಡು" ಅಂದರು ಅತ್ತೆ. "ಅತ್ತೆ, ಅದರಲ್ಲಿ ಯಾರೂ ಕಾಫಿ ಕುಡಿಯಲ್ಲ, ಹಾಲ್‌ ರೂಮಿನಲ್ಲಿ ನೇತುಹಾಕ್ತೀನಿ" ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ದೇವರ ಗೂಡಿನ ಕಡೆ ಬರಬಾರದು" ಅಂತ ಒಪ್ಪಿಕೊಂಡರು. ಮೂಳೆ ಅಂತ ಬಳಸದೆ ಇಟ್ಟ ಕಪ್ಪುಗಳು ನಿಮ್ಮ ಮನೆಯಲ್ಲೂ ಇದ್ದರೆ ಇದೇ ದಾರಿ.

ಟಾರ್ಚು ಹಿಡಿಯುವಾಗ ಕಪ್ಪಿನ ತಳವನ್ನೂ ನೋಡಿ. ಜಪಾನಿನ ಕೆಲವು ಕಪ್ಪುಗಳ ತಳದಲ್ಲಿ ಒಂದು ಗುಟ್ಟಿದೆ. ಸುಮ್ಮನೆ ನೋಡಿದರೆ ಬಿಳಿ ತಳ, ಒಂಚೂರು ಉಬ್ಬುತಗ್ಗು ಅಷ್ಟೆ. ಬೆಳಕಿಗೆ ಎತ್ತಿ ಹಿಡಿದರೆ ಹೆಂಗಸಿನ ಮುಖ ಮೂಡುತ್ತದೆ! ತುರುಬು, ಹುಬ್ಬು, ತುಟಿ ಎಲ್ಲ ಸ್ಪಷ್ಟ. ಪಿಂಗಾಣಿ ತೆಳ್ಳಗಿದ್ದ ಕಡೆ ಬೆಳಕು ಜಾಸ್ತಿ, ದಪ್ಪ ಇದ್ದ ಕಡೆ ಕಡಿಮೆ. ಬಣ್ಣವೇ ಇಲ್ಲದ ಚಿತ್ರ. ಲಿಥೋಫೇನ್ ಅನ್ನುತ್ತಾರೆ. ಯುರೋಪಿನಲ್ಲಿ ಇದರಿಂದ ದೀಪದ ಬುರುಡೆಗಳನ್ನೇ ಮಾಡುತ್ತಿದ್ದರು. ಇಂಥ ಕಪ್ಪು ಸಿಕ್ಕರೆ ತಳಕ್ಕೆ ತೂತು ಹಾಕಬೇಡಿ. ಒಂದು ಮರದ ತುಂಡಿಗೆ ಕಪ್ಪನ್ನು ಮಲಗಿಸಿ ಕೂರಿಸಿ, ಒಳಗೊಂದು ಪುಟ್ಟ ಎಲ್‌ಇಡಿ ಇಟ್ಟು, ತಳ ನೋಡುವವರ ಕಡೆ ಬರುವಂತೆ ಮಾಡಿ.

ಈಗ ತೂತು ಕೊರೆಯುವ ಕೆಲಸ. ಜನ ಹೆದರುವುದು ಇದಕ್ಕೇ. ಗೋಡೆಗೆ ಹಾಕುವ ಡ್ರಿಲ್ ಬಿಟ್ಟು, ಕಬ್ಬಿಣಕ್ಕೆ ಹಾಕುವ ಡ್ರಿಲ್ ಬಿಟ್ಟು ಎರಡೂ ಇಲ್ಲಿ ನಡೆಯುವುದಿಲ್ಲ. ಕಬ್ಬಿಣದ್ದು ನುಣುಪಿನ ಮೇಲೆ ಜಾರುತ್ತದೆ, ಗೋಡೆಯದ್ದು ಹ್ಯಾಮರ್ ಮಾಡಿ, ಅಂದರೆ ಸುತ್ತುತ್ತಲೇ ಕುಟ್ಟಿ, ಒಡೆಯುತ್ತದೆ. ಬೇಕಾದದ್ದು ಡೈಮಂಡ್ ಕೋರ್ ಬಿಟ್. ಟೊಳ್ಳು ಕೊಳವೆ, ತುದಿಗೆ ವಜ್ರದ ಪುಡಿ ಅಂಟಿರುತ್ತದೆ. ಟೈಲ್ಸ್ ಕೆಲಸದವರ ಹತ್ತಿರ ಇರುವುದು ಅದೇ. ಆಮೇಲೆ ದೀಪದ ವೈರು ಹಾಯುವ ಹತ್ತು ಮಿಲಿಮೀಟರಿನ ಕೊಳವೆ ಈ ತೂತಿನಲ್ಲಿ ತೂರಬೇಕಾದರೆ ಬಿಟ್ಟು ಅದಕ್ಕಿಂತ ಒಂಚೂರು ದೊಡ್ಡದಿರಲಿ.

ಕಪ್ಪನ್ನು ಬೋರಲು ಹಾಕಿ, ಒಳಗೆ ಒದ್ದೆ ಮರಳು ಒತ್ತಿ ತುಂಬಿ, ಹಲಗೆಯ ಮೇಲಿಡಿ. ತಳದ ಸುತ್ತ ಒಂದು ಏಣು ಇರುತ್ತದಲ್ಲ, ಕಪ್ಪು ನಿಲ್ಲುವ ಏಣು, ಅದೇ ಈಗ ಪುಟ್ಟ ಬಟ್ಟಲು ಆಗುತ್ತದೆ. ಅದರಲ್ಲಿ ನೀರು ನಿಲ್ಲಿಸಿ. ನೀರು ಎರಡು ಕೆಲಸ ಮಾಡುತ್ತದೆ. ಬಿಟ್ಟು ಕಾಯದಂತೆ ನೋಡಿಕೊಳ್ಳುತ್ತದೆ, ಪುಡಿ ಗಾಳಿಗೆ ಏಳದಂತೆ ತಡೆಯುತ್ತದೆ. ಆ ಪುಡಿ ಒಳ್ಳೆಯದಲ್ಲ. ಪಿಂಗಾಣಿಯಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಹಳೇ ಸಾಮಾನಿನ ಹೊಳಪಿನಲ್ಲಿ ಸೀಸವೂ ಇರಬಹುದು. ಮೂಗಿಗೆ ಮಾಸ್ಕ್ ಇರಲಿ, ಅಡುಗೆ ಕಟ್ಟೆಯ ಮೇಲೆ ಈ ಕೆಲಸ ಬೇಡ. ನೀರು ಇರುವ ಕಡೆ ವೈರಿನ ಡ್ರಿಲ್ಲೂ ಬೇಡ, ಬ್ಯಾಟರಿಯದ್ದು ಬಳಸಿ. ಸೊಸೈಟಿಯಲ್ಲಿ ಮಧ್ಯಾಹ್ನ ಮಲಗುವ ಹೊತ್ತು ಬಿಟ್ಟು ಶುರು ಮಾಡಿ. ಇಲ್ಲದಿದ್ದರೆ ತೂತು ಆಗುವ ಮೊದಲು ಸೆಕ್ರೆಟರಿ ಬಂದಿರುತ್ತಾರೆ.

ಬಿಟ್ಟನ್ನು ನೇರವಾಗಿ ಇಟ್ಟು ಒತ್ತಿದರೆ ಜಾರುತ್ತದೆ. ಮೊದಲು ಓರೆಯಾಗಿ ತಾಗಿಸಿ. ಅರ್ಧಚಂದ್ರದಷ್ಟು ಗೀರು ಬಿದ್ದ ಮೇಲೆ ನಿಧಾನಕ್ಕೆ ನೆಟ್ಟಗೆ ಮಾಡಿ. ಡ್ರಿಲ್ಲಿನ ಹ್ಯಾಮರ್ ಬಂದ್ ಇರಲಿ, ವೇಗ ಕಡಿಮೆ ಇರಲಿ. ಒತ್ತುವುದೇ ಬೇಡ, ಡ್ರಿಲ್ಲಿನ ಭಾರವೇ ಸಾಕು. ನೀರು ಹಾಲಿನ ಬಣ್ಣಕ್ಕೆ ತಿರುಗಿದರೆ ಕೆಲಸ ಆಗುತ್ತಿದೆ ಅಂತ ಅರ್ಥ. ಆಗಾಗ ಬಿಟ್ಟು ಎತ್ತಿ ಹೊಸ ನೀರು ಹಾಕಿ. ಆರಪಾರ ಆಗುವ ಹೊತ್ತಿಗೆ ಸದ್ದು ಬದಲಾಗುತ್ತದೆ, ತೆಳ್ಳಗಾಗುತ್ತದೆ. ಅಲ್ಲಿ ಕೈ ಇನ್ನೂ ಹಗುರ ಮಾಡಬೇಕು. ಒಳಗಡೆ ತೂತಿನ ಸುತ್ತ ಸಣ್ಣ ಚಕ್ಕೆ ಏಳುವುದು ಸಹಜ. ವಾಷರ್ ಕೆಳಗೆ ಅದು ಮುಚ್ಚಿ ಹೋಗುತ್ತದೆ. ಕೈ ಕೂರುವವರೆಗೆ ಯಾವುದಾದರೂ ಬಿಸಾಡುವ ಬಸಿಯ ಮೇಲೆ ಅಭ್ಯಾಸ ಮಾಡಿಕೊಳ್ಳಿ.

ಜೋಡಣೆಯ ಸಾಮಾನು ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಲೋಹಾರ್ ಚಾಳಿನಲ್ಲಿ ಸಿಗುತ್ತದೆ. ಮೈಮೇಲೆ ಥ್ರೆಡ್ ಇರುವ ಟೊಳ್ಳು ಕೊಳವೆ, ನಟ್ಟು, ರಬ್ಬರ್ ವಾಷರ್, ಹೋಲ್ಡರ್, ಪ್ಲಗ್ಗು. ಕೊಳವೆ ಹಿತ್ತಾಳೆಯದೇ ತೆಗೆದುಕೊಳ್ಳಿ. ನಮ್ಮ ಸಮುದ್ರದ ಗಾಳಿಗೆ, ಮಳೆಗಾಲಕ್ಕೆ ಕಬ್ಬಿಣ ತುಕ್ಕು ಹಿಡಿದು ಪಿಂಗಾಣಿಯ ಮೇಲೆ ಕಂದು ಕಲೆ ಇಳಿಯುತ್ತದೆ. ನಟ್ಟು ನೇರವಾಗಿ ಪಿಂಗಾಣಿಗೆ ತಾಗಬಾರದು, ನಡುವೆ ರಬ್ಬರ್ ಇರಲೇಬೇಕು. ಬೆರಳಲ್ಲಿ ಬಿಗಿ ಮಾಡಿ, ಪಾನಾ ಹಾಕಿ ಕಾಲು ಸುತ್ತು. ಅಷ್ಟೇ ಸಾಕು. ಅರಾಲ್ಡೈಟ್ ಹಚ್ಚಿ ಕಪ್ಪಿನ ಮೇಲೆ ಕಪ್ಪು ಅಂಟಿಸಿ ಮೇಜಿನ ಮೇಲಿಡುವುದು ಬೇರೆ. ತಲೆಯ ಮೇಲೆ ನೇತಾಡುವ ದೀಪವನ್ನು ಬರೀ ಗೋಂದಿನ ಭರವಸೆಗೆ ಬಿಡಬೇಡಿ. ಭಾರ ಹೊರುವುದು ಕೊಳವೆ ಮತ್ತು ನಟ್ಟು ಆಗಿರಬೇಕು.

ಪಿಂಗಾಣಿಗೆ ಕರೆಂಟು ಹರಿಯುವುದಿಲ್ಲ ಅನ್ನುವುದು ನಿಜ. ಹಳೇ ಮೀಟರ್ ಬೋರ್ಡಿನ ಕಿಟ್‌ಕ್ಯಾಟ್ ಫ್ಯೂಸು ಪಿಂಗಾಣಿಯದೇ. ಮೈಸೂರು ಸಂಸ್ಥಾನದ ಸರ್ಕಾರ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ ನಡೆಸುತ್ತಿತ್ತು. ಕರೆಂಟು ಕಂಬದ ಇನ್ಸುಲೇಟರುಗಳು ಅಲ್ಲಿ ತಯಾರಾಗುತ್ತಿದ್ದವು. ಮುಂದೆ ಅದು ಕೇಂದ್ರ ಸರ್ಕಾರದ ಬಿಎಚ್‌ಇಎಲ್ ಕಂಪನಿಯ ಪಾಲಾಯಿತು. ಆದರೆ ನಮ್ಮ ದೀಪದ ನಡುವೆ ಹಿತ್ತಾಳೆ ಕೊಳವೆ ಇದೆ, ಅದನ್ನು ಮರೆಯಬಾರದು. ಹಾಗಾಗಿ ಮೂರೆಳೆಯ ವೈರು, ಮೂರು ಕಾಲಿನ ಪ್ಲಗ್ಗು. ಹಸಿರು-ಹಳದಿ ಎಳೆ ಕೊಳವೆಗೆ ಗಟ್ಟಿಯಾಗಿ ಸೇರಲಿ, ಅದು ಅರ್ಥ್. ಸ್ವಿಚ್ಚು ಫೇಸ್, ಅಂದರೆ ಕರೆಂಟು ಬರುವ ಎಳೆಯ ಮೇಲೆ ಇರಲಿ. ಇನ್ನೊಂದು, ಕೊರೆದ ತೂತಿನ ಅಂಚು ಬ್ಲೇಡಿನಷ್ಟು ಹರಿತ. ವೈರು ಅದಕ್ಕೆ ಉಜ್ಜಿದರೆ ಮೇಲಿನ ಪ್ಲಾಸ್ಟಿಕ್ ಸೀಳುತ್ತದೆ. ವೈರು ಹೊರಬರುವ ಕಡೆ ರಬ್ಬರಿನ ಬಳೆ ತೊಡಿಸುವುದು ಕಡ್ಡಾಯ.

ಇಷ್ಟೆಲ್ಲ ರಗಳೆ ಬೇಡ ಅನ್ನುವವರು ಉಪ್ಪಿನಕಾಯಿ ಭರಣಿ ಹುಡುಕಿ. ಮೇಲರ್ಧ ಕಂದು, ಕೆಳಗೆ ಬಿಳಿ, ಊರಿನಿಂದ ಬರುವಾಗ ಮಾವಿನ ಮಿಡಿ ತುಂಬಿಸಿಕೊಂಡು ಬಂದದ್ದು. ಇದಕ್ಕೆ ತೂತೇ ಬೇಕಿಲ್ಲ. ಬಾಯಿಗೆ ಸರಿಯಾಗಿ ಕೂರುವ ಮರದ ಬಿಲ್ಲೆ ಮಾಡಿಸಿ, ಅದರ ನಡುವೆ ಹೋಲ್ಡರ್ ಕೂರಿಸಿ, ವೈರನ್ನು ಬಿಲ್ಲೆಯ ಪಕ್ಕದಿಂದ ಹೊರಗೆ ತನ್ನಿ. ಒಳಗೆ ಸ್ವಲ್ಪ ಮರಳು ಹಾಕಿದರೆ ಮಕ್ಕಳು ತಾಗಿದರೂ ಉರುಳುವುದಿಲ್ಲ. ಮುಂದೆಂದಾದರೂ ಮನಸ್ಸು ಬದಲಾದರೆ ಬಿಲ್ಲೆ ತೆಗೆದು, ತೊಳೆದು, ಬಿಸಿಲಿಗಿಟ್ಟು ಮತ್ತೆ ಮಿಡಿ ಹಾಕಬಹುದು. ನನ್ನ ಕೇಳಿದರೆ ಎಲ್ಲಕ್ಕಿಂತ ಚಂದದ ದೀಪ ಇದೇ.

ಬಲ್ಬಿನ ವಿಷಯ. ಹಳೇ ತಂತಿ ಬಲ್ಬು ಬೇಡವೇ ಬೇಡ. ಅದು ತಿನ್ನುವ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬರೀ ಶಾಖ. ಕಪ್ಪು ಒಂದು ಕಡೆ ಕಾದು ಬಿರಿಯುತ್ತದೆ. ಐದು ವ್ಯಾಟಿನ ಎಲ್‌ಇಡಿ ಹಳೇ ನಲವತ್ತು ವ್ಯಾಟಿಗೆ ಹೆಚ್ಚುಕಡಿಮೆ ಸಮ. ಕಪ್ಪಿನೊಳಗೆ ಇನ್ನೂ ಕಡಿಮೆಯದು ಸಾಕು. ಮಾಮೂಲಿ ಪಿನ್ ಹೋಲ್ಡರ್ ಅಲ್ಲಿ ಹಿಡಿಸುವುದಿಲ್ಲ. ಇ14 ಅನ್ನುವ ಸಣ್ಣ ತಿರುಪಿನ ಹೋಲ್ಡರ್ ಕೇಳಿ. ಎಲ್‌ಇಡಿಗೂ ಉಸಿರಾಡಲು ಜಾಗ ಬೇಕು, ಬಲ್ಬಿನ ಸುತ್ತ ಒಂದು ಬೆರಳಗಲ ಬಿಡಿ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಇರುವ ವಾರ್ಮ್ ವೈಟ್ ತನ್ನಿ. 6500ರದ್ದು ಹಾಕಿದರೆ ಮನೆ ಆಸ್ಪತ್ರೆಯ ವಾರ್ಡಿನ ಹಾಗೆ ಕಾಣುತ್ತದೆ.

ದೀಪ ಸಿದ್ಧವಾದ ಮೇಲೆ ಪ್ಲಗ್ಗಿಗೆ ಹಾಕುವ ಮೊದಲು ಬಿಲ್ಡಿಂಗಿನ ಎಲೆಕ್ಟ್ರಿಷಿಯನ್ನನ್ನು ಒಮ್ಮೆ ಕರೆಯಿರಿ. ಪ್ಲಗ್ಗಿನ ದೊಡ್ಡ ಕಾಲಿಗೂ ಹಿತ್ತಾಳೆ ಕೊಳವೆಗೂ ಸಂಪರ್ಕ ಇದೆಯಾ ಅಂತ ಮೀಟರ್ ಹಿಡಿದು ನೋಡಲಿ. ಎರಡು ನಿಮಿಷದ ಕೆಲಸ. ಬೇರೆಯವರಿಗೆ ಉಡುಗೊರೆ ಕೊಡುವ ದೀಪವಾದರಂತೂ ಈ ಪರೀಕ್ಷೆ ಆಗದೆ ಮನೆಯಿಂದ ಹೊರಗೆ ಕಳಿಸಬೇಡಿ.

ನಮಸ್ಕಾರ.